ಇಪ್ಪತ್ತಾರಕ್ಕೆ ಮೂರು ಸೊನ್ನೆ

ಎದುರಿನವರು ಪುರಾವೆ ಕೇಳುವ ಮೊದಲು ನೀನು ಕೇಳಬೇಕು. ಚರ್ಚಾಸ್ಪರ್ಧೆಗೆ ತಯಾರಿ ಮಾಡುವಾಗ ನನಗೆ ಹೇಳಿಕೊಟ್ಟದ್ದು ಇದು. ನಾನು ಎಲ್ಲರನ್ನೂ ಕೇಳುತ್ತಿದ್ದೆ. ಜ್ಯೋತಿಷಿಯನ್ನು ಕೇಳಿದ್ದೇನೆ, ಹಳಿಯಾಳದ ಬಸ್ಸು ಈಗ ಬಂತು ಎನ್ನುವ ಕಂಟ್ರೋಲರನ್ನೂ ಕೇಳಿದ್ದೇನೆ. ಕಂಪ್ಯೂಟರನ್ನು ಮಾತ್ರ ಕೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ದಾಂಡೇಲಿಯಲ್ಲಿ ಆಗ ಇದ್ದ, ಈಗ ಇಲ್ಲದ ಒಂದು ಖಾಸಗಿ ಸಂಸ್ಥೆಯಲ್ಲಿ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದೆ. ಲ್ಯಾಬಿನ ಯಂತ್ರಗಳಿಗೆಲ್ಲ ಯಾರೋ ಊರಿನ ಹೆಸರಿಟ್ಟಿದ್ದರು: ಹಳಿಯಾಳ, ಜೋಯಿಡಾ, ಮುಂಡಗೋಡ, ರಾಮನಗರ. ಯಾರು ಯಾವ ಊರಿನ ಮುಂದೆ ಕೂರಬೇಕೆಂಬುದು ನಿಗದಿಯಾಗಿತ್ತು. ಕುಂಬಾರವಾಡದಿಂದ ಬರುತ್ತಿದ್ದ ನನ್ನ ಗೆಳತಿ ರಾಮನಗರದ ಮುಂದೆ ಕೂರುತ್ತಿದ್ದಳು.

ಒಂದು ದಿನ ಲ್ಯಾಬಿನ ಸರ್ ನನ್ನನ್ನು ಕರೆದರು.

"ನೋಡವಾ, ಪ್ರಾಕ್ಟಿಕಲ್ ಬಿಟ್ಟು ಗುಂಡ ಹಾರಸೂ ಆಟ ಆಡ್ಕೋತ ಕುಂತಾರ. ಯಾರಂತ ಹಿಡದ ಕೊಡು."

ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಅದು ಪ್ರತಿ ಯಂತ್ರದಲ್ಲಿ ತೆರೆದಿರುವ ಪೋರ್ಟು, ಅಂದರೆ ಪ್ರೋಗ್ರಾಮುಗಳು ಹೊರಗಿನವರೊಡನೆ ಮಾತಾಡುವ ನಂಬರು ಹಾಕಿದ ಬಾಗಿಲು, ಹುಡುಕುತ್ತಿತ್ತು. ಸಿಕ್ಕದ್ದು ಬರೀ ಅಂಕಿ: ಯಾವ ಯಂತ್ರ, ಅದರಲ್ಲಿ ಯಾವ ಪೋರ್ಟು. ಆ ಅಂಕಿಗಳನ್ನು ಗೆಟ್‌ನೇಮ್‌ಇನ್ಫೋ ಎಂಬ ಫಂಕ್ಷನ್ನಿಗೆ ಕೊಟ್ಟರೆ ಎರಡು ಹೆಸರು ಸಿಗುತ್ತವೆ, ಯಂತ್ರದ್ದೊಂದು, ಅಲ್ಲಿ ನಡೆಯುತ್ತಿರುವ ಸೇವೆಯದೊಂದು. 'ನಡೆಯುತ್ತಿರುವ' ಎಂದು ನಾನು ಅಂದುಕೊಂಡಿದ್ದೆ. ಸೇವೆಗೆ ಹೆಸರು ಸಿಗದಿದ್ದರೆ ಅದು ಅಂಕಿಯನ್ನೇ ತಿರುಗಿ ಕೊಡುತ್ತದೆ. ಅಂಥ ಸಾಲುಗಳು ಕಸ ಎಂದು ಅಳಿಸಿಹಾಕಿದೆ.

ಎರಡು ಸಾಲು ಉಳಿದವು. ಹಳಿಯಾಳ, ಫೈಲ್ ಸರ್ವರ್. ರಾಮನಗರ, ಕ್ವೇಕ್.

ಕ್ವೇಕ್ ಎಂದರೆ ಆ ಗುಂಡಿನ ಆಟ. ಸರ್ ಗೆಳತಿಯನ್ನು ಕರೆಸಿದರು.

"ಸರ್, ಆ ಆಟ ಹೆಂಗಿರತೈತಿ ಅಂತನೂ ನಂಗ ಗೊತ್ತಿಲ್ಲರಿ. ನಂದ ಪ್ರಾಕ್ಟಿಕಲ್‌ದ ಸರ್ವರ್ ಪ್ರೋಗ್ರಾಂ ನಡದಿತ್ತು," ಎಂದಳು. ನನ್ನ ಕಡೆ ತಿರುಗಿ, "ನೀನಾರ ಹೇಳ," ಎಂದಳು.

ನಾನು ಹೇಳಿದೆ. "ಯಂತ್ರಕ್ಕ ಯಾರ ಮ್ಯಾಲೂ ಸಿಟ್ಟಿಲ್ಲರಿ ಸರ್. ಅದ್ಯಾಕ ಸುಳ್ಳ ಹೇಳತೈತಿ?"

"ಮತ್ತ ನಾ ಯಾಕ ಹೇಳ್ಲಿ?"

"ನಿನಗ ಕಾರಣ ಐತಿ. ಅದಕ್ಕ ಇಲ್ಲ."

ಸರ್ ನಕ್ಕರು. "ನೀ ವಕೀಲಕಿ ಮಾಡವಾ," ಎಂದರು. ಪರೀಕ್ಷೆಗೆ ಹತ್ತು ದಿನವಿತ್ತು. ಅಲ್ಲಿಯವರೆಗೆ ಅವಳಿಗೆ ಲ್ಯಾಬ್ ಬಂದ್. ಪ್ರೋಗ್ರಾಂ ಮುಗಿಯದೆ ರೆಕಾರ್ಡಿಗೆ ಸಹಿ ಇಲ್ಲ, ಸಹಿ ಇಲ್ಲದೆ ಪರೀಕ್ಷೆ ಇಲ್ಲ. ಕುಂಬಾರವಾಡದಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಅವಳು ಚೀಲ ತೆಗೆದುಕೊಂಡು ಹೋದಳು. ನಾನು ಡಬ್ಬಿ ಬಿಚ್ಚಿ ಊಟ ಮಾಡಿದೆ. ಡಬ್ಬಿಯಲ್ಲಿ ಏನಿತ್ತೋ ನೆನಪಿಲ್ಲ, ಪೂರ್ತಿ ಉಂಡದ್ದು ನೆನಪಿದೆ. ಮರುದಿನದಿಂದ ಅವಳು ಬರಲಿಲ್ಲ.

ಐದನೇ ದಿನ ಹಳಿಯಾಳದ ಮುಂದೆ ಕೂರುವವನು, ನಮ್ಮ ರೋಲ್ ನಂಬರ್ ಏಳು, ನಗುತ್ತ ಬಂದ.

"ಏ ವಕೀಲಮ್ಮ, ನನ್ನ ಪ್ರೋಗ್ರಾಂಗ 'ಹಲೋ' ಬಿಟ್ರ ಬ್ಯಾರೆ ಮಾತ ಬರೂದಿಲ್ಲ. ಅದಕ್ಕ ಫೈಲ್ ಸರ್ವರ್ ಅಂತ ಬಡ್ತಿ ಕೊಟ್ಟೀಯಲ್ಲ! ಸರ್ ನನ್ನ ಬೆನ್ನ ತಟ್ಯಾರ."

ಅವನು ನಗುತ್ತಲೇ ಹೋದ. ನಾನು ಕೂತು, ಹೆಸರು ಬೇಡ, ಅಂಕಿಯೇ ಇರಲಿ ಎಂದು ಫಂಕ್ಷನ್ನಿಗೆ ಹೇಳಿ ಪ್ರೋಗ್ರಾಂ ಮತ್ತೆ ಓಡಿಸಿದೆ. ಏಳನೆಯವನ ಪೋರ್ಟು 7000. ನನ್ನದು ನಲವತ್ತೊಂದು, 41000. ಗೆಳತಿಯ ರೋಲ್ ನಂಬರ್ ಇಪ್ಪತ್ತಾರು. ಡಿಸ್ಕಿನಲ್ಲಿ 'ಸರ್ವಿಸಸ್' ಎಂಬ ಹೆಸರಿನ ಫೈಲು ಇರುತ್ತದೆ, ಇಂಥ ಪೋರ್ಟನ್ನು ರೂಢಿಯಲ್ಲಿ ಇಂಥದ್ದಕ್ಕೆ ಬಳಸುತ್ತಾರೆ ಎಂಬ ಪಟ್ಟಿ. ತೆರೆದು ನೋಡಿದೆ. 26000ರ ಎದುರು ಕ್ವೇಕ್ ಎಂದಿತ್ತು. ಫಂಕ್ಷನ್ನು ರಾಮನಗರ ಯಂತ್ರದೊಳಗೆ ಇಣುಕಿಯೇ ಇರಲಿಲ್ಲ. ಪಟ್ಟಿ ನೋಡಿ ಹೇಳಿತ್ತು, ಅಷ್ಟೇ.

ಒಬ್ಬರ ಪೋರ್ಟು ಇನ್ನೊಬ್ಬರಿಗೆ ಅಡ್ಡ ಬರಬಾರದು, ರೋಲ್ ನಂಬರಿಗೆ ಮೂರು ಸೊನ್ನೆ ಹಚ್ಚಿರಿ ಎಂದು ತರಗತಿಗೆಲ್ಲ ಹೇಳಿಕೊಟ್ಟಿದ್ದವಳು ನಾನೇ. ಅಂಕಿಯ ಸಾಲುಗಳನ್ನು ಅಳಿಸದೆ ಬಿಟ್ಟಿದ್ದರೆ ಎಲ್ಲವೂ ರೋಲ್ ನಂಬರುಗಳೇ ಎಂಬುದು ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ನಾಚಿಕೆಯಾಗಬೇಕು ಎಂಬುದು ನನಗೆ ಗೊತ್ತಿತ್ತು, ಪಾಠ ಗೊತ್ತಿರುವ ಹಾಗೆ. ಆಗಲಿಲ್ಲ. ಎದ್ದು ಸರ್ ಕೋಣೆಗೆ ಹೋಗಿ ಎಲ್ಲ ತೋರಿಸಿದೆ.

ಅವರು 26000ರ ಸಾಲನ್ನು ಬೆರಳಿಟ್ಟು ಓದಿದರು. "ಮತ್ತ ಅವತ್ತ ಅಷ್ಟ ಖಾತ್ರಿಲೆ ಹೆಂಗ ಹೇಳಿದಿ?"

"ಗೊತ್ತಿಲ್ಲರಿ ಸರ್."

"ನಾನೂ ಕೇಳಲಿಲ್ಲ ಬಿಡು," ಎಂದು ಕನ್ನಡಕ ತೆಗೆದಿಟ್ಟರು.

ಅವಳ ಮನೆಯಲ್ಲಿ ಫೋನಿರಲಿಲ್ಲ. ಚೀಟಿ ಬರೆದು ಕುಂಬಾರವಾಡದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಅವಳು ಮೂರನೇ ದಿನ ಬಂದಳು. ಪರೀಕ್ಷೆಗೆ ಉಳಿದದ್ದು ಎರಡು ದಿನ. ನಾನು ರಾಮನಗರದ ಮುಂದೆಯೇ ಕೂತು ಕಾಯುತ್ತಿದ್ದೆ. ಎಲ್ಲಿ ತಪ್ಪಿತು, ಹೇಗೆ ತಪ್ಪಿತು, ಯಾರ ತಪ್ಪು ಎಂದು ಕ್ರಮವಾಗಿ ವಿವರಿಸಿದೆ. ವೇದಿಕೆಯ ಮೇಲೂ ಅಷ್ಟು ಚೆನ್ನಾಗಿ ನಾನು ಮಾತಾಡಿರಲಿಲ್ಲ. ಅವಳು ನಿಂತೇ ಕೇಳಿದಳು.

"ಮುಗೀತೇನ್ರಿ?"

ಮೂರು ವರ್ಷ ಒಂದೇ ಡಬ್ಬಿಯಲ್ಲಿ ಉಂಡು 'ನೀ' ಎಂದಿದ್ದವಳು. ನಾನು ತಲೆಯಾಡಿಸಿದೆ.

"ಹಂಗಾರ ಏಳ್ರಿ. ಪ್ರೋಗ್ರಾಂ ಅರ್ಧಾ ಉಳದೈತಿ. ನಾಕರ ಬಸ್ಸಿಗೆ ಹೋಗಬೇಕು."

ಎದ್ದೆ. ಮರುದಿನ ಅವಳು ಪ್ರೋಗ್ರಾಂ ಮುಗಿಸಿದಳು, ಸಹಿ ಬಿತ್ತು, ಪರೀಕ್ಷೆಗೆ ಕೂತಳು. ಹೊರಗೆ ಬಂದಾಗ ಗೇಟಿನ ಹತ್ತಿರ, "ಹೆಂಗಾತು?" ಎಂದು ಕೇಳಿದೆ.

"ಚಲೋ ಆತ್ರಿ," ಎಂದು ಬಸ್ಸಿನ ಕಡೆ ನಡೆದಳು.