ಕುರಿಯ ಮಾತು ಎತ್ತಬೇಡ ಎಂದಿದ್ದೆ

ನಿವೃತ್ತಿಯಾಗಿ ಇಷ್ಟು ವರ್ಷ ಕಳೆದ ಮೇಲೆ ನನ್ನನ್ನು ಮತ್ತೆ ಕಾಲೇಜಿಗೆ ಕರೆದದ್ದು ನನ್ನ ವಿದ್ವತ್ತಿಗಲ್ಲ, ನನ್ನ ಬಟ್ಟೆ ಚೀಲಕ್ಕೆ. ಮಧುಗಿರಿಯ ಸಂತೆಯಲ್ಲಿ ನಾನು ಅದನ್ನು ಹಿಡಿದು ಓಡಾಡುವುದನ್ನು ಪ್ರಿನ್ಸಿಪಾಲರು ನೋಡಿದ್ದರಂತೆ.

“ಸಸ್ಟೇನಬಿಲಿಟಿ ಅಂತ ಹೊಸ ಪೇಪರ್ ಬಂದಿದೆ ಮೇಡಂ. ಸೈನ್ಸಿನವರು ಇದು ಕಾಮರ್ಸಿಂದು ಅಂತಾರೆ, ಕಾಮರ್ಸಿನವರು ಸೈನ್ಸಿಂದು ಅಂತಾರೆ. ನೀವಾದ್ರೆ ಇಂಗ್ಲಿಷು, ಎಲ್ಲಕ್ಕೂ ಹೊಂದುತ್ತೆ” ಎಂದರು.

“ಲೆಟ್ ಮಿ ಥಿಂಕ್” ಎಂದೆ. ಅಷ್ಟು ಹೇಳಿ ಮುಗಿಸುವುದರೊಳಗೆ ಮೊದಲ ದಿನಕ್ಕೆ ಯಾವ ಸೀರೆ ಎಂದು ಮನಸ್ಸು ಆರಿಸಿಯಾಗಿತ್ತು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಈ ಬೆಟ್ಟದ ಬುಡಕ್ಕೆ ಬಂದು ಐವತ್ತು ವರ್ಷವಾಗುತ್ತ ಬಂತು. ಈಗಲೂ ಸೊಪ್ಪಿನವಳು ರೇಟು ಏರಿಸಿದರೆ ನನ್ನ ಬಾಯಿಂದ ಮೊದಲು ಬರುವುದು “ಎಕ್ಸ್‌ಕ್ಯೂಸ್ ಮಿ”. ನಮ್ಮ ಸಿಸ್ಟರ್‌ಗಳು ಪೆನ್ಸಿಲ್ ಬೆರಳಿಗೆ ಸಿಗದಷ್ಟು ಗಿಡ್ಡವಾಗುವ ತನಕ ಹೊಸದು ಕೊಡುತ್ತಿರಲಿಲ್ಲ. ಹರಿದ ಸಾಕ್ಸನ್ನು ನಮ್ಮ ಕೈಯಲ್ಲೇ ಹೊಲಿಸುತ್ತಿದ್ದರು. ಮಧ್ಯಾಹ್ನದ ಬಿಸಿಲು ಬೀಳುತ್ತಿದ್ದ ಆ ಉದ್ದನೆಯ ಕಾರಿಡಾರಿನಲ್ಲಿ ಸೂಜಿ ಹಿಡಿದು ಕೂತು, ಎಂಥ ಜಿಪುಣರಪ್ಪ ಇವರು ಎಂದು ಪಿಸುಗುಟ್ಟುತ್ತಿದ್ದೆವು. ಈಗ ಅದನ್ನೇ ಕಲಿಸಿದರೆ ಕ್ರೆಡಿಟ್ ಕೊಡುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಇದನ್ನು ಹೇಳೋಣವೆಂದರೆ ಯಾರೂ ಉಳಿದಿಲ್ಲ.

ಮೊದಲ ಕ್ಲಾಸಿನಲ್ಲಿ, ಕರಗುವ ಮಂಜುಗಡ್ಡೆಯ ಮೇಲೆ ನಿಂತ ಬಿಳಿ ಕರಡಿಯ ಚಿತ್ರ ತೋರಿಸಿ ಗಂಟಲನ್ನು ತಕ್ಕಷ್ಟು ಗದ್ಗದ ಮಾಡಿಕೊಂಡೆ. ದೊಡ್ಡೇರಿ ಕಡೆಯಿಂದ ಬರುವ ಒಬ್ಬ ಕೈ ಎತ್ತಿದ.

“ಮೇಡಂ, ಇದಾದ್ರೆ ದೂರ ಐತೆ. ನಮ್ಮ ಕಡೆ ಕರೇದು ಮೊನ್ನೆ ಸಂಜೆ ಕಡ್ಲೆಕಾಯಿ ಹೊಲಕ್ಕೇ ಬಂದ್ಬುಟ್ಟಿತ್ತು. ಅದಕ್ಕೇನ್ ಮಾಡಾದು?”

ಸಿಲಬಸ್ಸಿನಲ್ಲಿ ಕರಿ ಕರಡಿ ಇರಲಿಲ್ಲ. “ವೆರಿ ಗುಡ್ ಕ್ವೆಶ್ಚನ್” ಎಂದು ಸ್ಲೈಡ್ ಬದಲಿಸಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ನನ್ನ ಸರ್ವೀಸಿನುದ್ದಕ್ಕೂ ಗುಡ್ ಕ್ವೆಶ್ಚನ್‌ಗಳೇ.

ಗ್ರೀನ್ ಕ್ಯಾಂಪಸ್ ಸಮಿತಿಗೂ ನಾನೇ ಅಧ್ಯಕ್ಷೆ. ಕಾನ್ವೆಂಟಿನ ಮುಂದಿದ್ದ ಹುಲ್ಲುಹಾಸು ನೆನಪಾಗಿ ಕಾಲೇಜಿನ ಮುಂದೆ ಲಾನ್ ಹಾಕಿಸಿದೆ. ಮಧುಗಿರಿಯಲ್ಲಿ ಲಾನ್! ಅದು ಟ್ಯಾಂಕರ್ ಮೇಲೆ ಟ್ಯಾಂಕರ್ ನೀರು ಕುಡಿಯಿತು. ಪಕ್ಕದಲ್ಲಿ ‘ಸೇವ್ ವಾಟರ್’ ಎಂಬ ಬೋರ್ಡನ್ನೂ ನಾನೇ ನೆಡಿಸಿದ್ದೆ, ಒಂದಕ್ಷರ ತಪ್ಪಿಲ್ಲದೆ.

ಆ ಲಾನಿನ ಅಂಚಿನಲ್ಲೇ ಅವಳು ನನಗೆ ಗಂಟುಬಿದ್ದದ್ದು. ಪಾವಗಡದ ಆಚೆ, ಆಂಧ್ರದ ಗಡಿಗೆ ಒತ್ತಿಕೊಂಡ ಹಳ್ಳಿಯ ಹುಡುಗಿ. ಕೊನೆಯ ವರ್ಷದ ಬಿಎಸ್ಸಿ, ಇಲ್ಲೇ ಹಾಸ್ಟೆಲ್ಲಿನಲ್ಲಿ ವಾಸ.

“ಮೇಡಂ, ಈ ಹುಲ್ಲು ಯಾವುದಕ್ಕೆ ಮೇಯಕ್ಕೆ?”

“ಯಾವುದಕ್ಕೂ ಅಲ್ಲಮ್ಮ. ಇಟ್ ಈಸ್ ಟು ಲುಕ್ ಅಟ್.”

“ಬರೀ ನೋಡಾಕೆ ಇಷ್ಟ್ ನೀರಾ! ನಮ್ಮಮ್ಮ ಕಂಡ್ರೆ ಎದೆ ಒಡ್ಕಂತಾಳೆ.”

ಅವಳ ಅಮ್ಮ ಕುರಿ ಸಾಕುವವಳು. ಅವರ ಊರಿನ ಸುತ್ತ ಸೋಲಾರ್ ಪ್ಯಾನೆಲ್‌ಗಳ ಸಾಲು ಹಬ್ಬಿದ ಮೇಲೆ ಅವುಗಳ ಕೆಳಗಿನ ಹುಲ್ಲನ್ನು ಅಮ್ಮನ ಕುರಿಗಳೇ ಮೇಯುತ್ತಿದ್ದವು. ಇವಳೂ ಬೆಳೆದದ್ದು ಅದೇ ಸಾಲುಗಳ ನೆರಳಿನಲ್ಲಿ.

ಆ ವರ್ಷ ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ಒಂದು ಸೋಲಾರ್ ಕಂಪನಿ ನಮ್ಮ ಕಾಲೇಜಿಗೆ ಕ್ಯಾಂಪಸ್ ಇಂಟರ್‌ವ್ಯೂಗೆ ಬರುವುದಾಗಿ ಬರೆಯಿತು. ಸೈಟ್ ಟ್ರೈನಿ, ಒಂದೇ ಹುದ್ದೆ. ಅವಳು ಏದುಸಿರು ಬಿಡುತ್ತ ನಮ್ಮ ಮನೆಗೇ ಬಂದಳು.

“ನಮ್ಮೂರಿಗೆ ಮೂರ್ನೇ ಸ್ಟಾಪು ಮೇಡಂ ಆ ಸೈಟು. ಇದು ಸಿಕ್ರೆ ಮನೇಲೇ ಇದ್ಕಂಡು ಎಮ್ಮೆಸ್ಸಿ ಕಟ್ತೀನಿ. ಸಿಗ್ದಿದ್ರೆ ಶಿರಾದಾಗೆ ಗಾರ್ಮೆಂಟ್ಸು, ಅಮ್ಮ ಆಗ್ಲೇ ಹೆಸ್ರು ಕೊಟ್ಬುಟ್ಟವ್ಳೆ. ಎರಡು ರಜಾನೂ ಅಲ್ಲಿ ಕಾಲರ್ ಹೊಲ್ದಿದ್ದೀನಿ. ಇನ್ನ ಕಾಲರ್ ಕಂಡ್ರೇ ವಾಕರಿಕೆ.”

“ಲೀವ್ ಇಟ್ ಟು ಮಿ” ಎಂದೆ. ಆಗಲೇ ಅವಳು ಹೆದರಬೇಕಿತ್ತು.

ಹದಿನೈದು ಸಂಜೆ ನಮ್ಮ ವರಾಂಡದಲ್ಲಿ ತಾಲೀಮು. ಅವಳು ಬರೆದು ತಂದ ಪರಿಚಯ ‘ನಮ್ಮ ಅಮ್ಮನ ಕುರಿಗಳು ಪ್ಯಾನೆಲ್‌ಗಳ ಕೆಳಗೆ ಮೇಯುತ್ತವೆ’ ಎಂದು ಶುರುವಾಗಿತ್ತು. ಕೆಂಪು ಪೆನ್ನಿನಿಂದ ಅದರ ಮೇಲೆ ಗೀಟು ಎಳೆದೆ.

“ಯಾಕ್ ಮೇಡಂ? ಕುರಿ ಅಂದ್ರೆ ಎಬ್ಬಿಸಿ ಕಳಿಸ್ತಾರಾ?”

“ಇಂಟರ್‌ವ್ಯೂನಲ್ಲಿ ಕುರಿಯ ಮಾತು ಎತ್ತಬೇಡ ಮೈ ಡಿಯರ್. ವೆಜಿಟೇಶನ್ ಮ್ಯಾನೇಜ್‌ಮೆಂಟ್ ಅನ್ನು.”

“ಅಂಗಂದ್ರೆ?”

“ಹುಲ್ಲು ನೋಡಿಕೊಳ್ಳೋದು.”

“ಅದನ್ನೇ ಅಲ್ವಾ ಮೇಡಂ ಕುರಿ ಮಾಡೋದು?”

ನಾನು ಕನ್ನಡಕ ಸರಿಮಾಡಿಕೊಂಡು ಉಚ್ಚಾರಣೆಗೆ ಹೊರಳಿದೆ. ತುಟಿ ಕಚ್ಚಿ ‘ವಿ’ ಹೇಳುವುದನ್ನು ಕಲಿಸಿದೆ. ಏನು ಕೇಳಿದರೂ “ಸರ್ಟನ್ಲಿ” ಎನ್ನುವುದನ್ನೂ ಕಲಿಸಿದೆ. ಹದಿನೈದನೆಯ ದಿನಕ್ಕೆ ಅವಳು ಥೇಟ್ ನನ್ನ ಹಾಗೆಯೇ ಮಾತಾಡುತ್ತಿದ್ದಳು. ನನಗೋ ಕಣ್ಣು ತುಂಬಿ ಬಂತು. ನನ್ನ ಪ್ರತಿಬಿಂಬ ಕಂಡರೆ ನನಗೆ ಯಾವಾಗಲೂ ಹಾಗೆಯೇ.

ಇಂಟರ್‌ವ್ಯೂ ದಿನ ಕಂಪನಿಯ ಜೀಪು ಬಂತು. ಇಸ್ತ್ರಿ ಮಾಡಿದ ಶರ್ಟು ತೊಟ್ಟು ಇಳಿದವರಿಗೆ ಹೂಗುಚ್ಛ ಕೊಟ್ಟು “ವೆಲ್‌ಕಮ್ ಸರ್” ಎಂದೆ. ಆತ ಡ್ರೈವರ್. ಹಿಂದಿನಿಂದ ಧೂಳು ಮೆತ್ತಿದ ಬೂಟಿನಲ್ಲಿ ಇಳಿದ ಮೂವತ್ತೈದರ ಹೆಂಗಸು ಸೈಟ್ ಮ್ಯಾನೇಜರ್. ಹೂಗುಚ್ಛವನ್ನು ವಾಪಸ್ ಕೇಳುವುದಾದರೂ ಹೇಗೆ?

ನಾನೂ ಒಳಗೆ ಕೂತೆ, ಕಾಲೇಜಿನ ಪ್ರತಿನಿಧಿ ಎಂಬ ನೆಪದಲ್ಲಿ. ನಮ್ಮ ಹುಡುಗಿ ಬಂದು ಗಡಿಯಾರದ ಹಾಗೆ ಪರಿಚಯ ಒಪ್ಪಿಸಿದಳು. ಮ್ಯಾನೇಜರ್ ಆಕಳಿಕೆ ತಡೆದುಕೊಂಡು ಕನ್ನಡದಲ್ಲೇ ಕೇಳಿದರು: “ಮಳೆ ಬಿದ್ದ ಮೇಲೆ ಪ್ಯಾನೆಲ್ ಎತ್ತರಕ್ಕೆ ಹುಲ್ಲು ಬರುತ್ತೆ. ಏನು ಮಾಡ್ತೀಯ?”

ಹುಡುಗಿಯ ಮುಖ ಅರಳಿತು. ಬಾಯಿ ತೆರೆದವಳು ನನ್ನ ಕಡೆ ನೋಡಿದಳು. ನಾನು ಗೊತ್ತಾಗಿಯೂ ಗೊತ್ತಾಗದಷ್ಟು, ಬೇಡವೆಂದು ತಲೆ ಅಲ್ಲಾಡಿಸಿದೆ.

“ವೆಜಿಟೇಶನ್ ಮ್ಯಾನೇಜ್‌ಮೆಂಟ್, ಮ್ಯಾಮ್.”

“ಅಂದ್ರೆ ಹೇಗೆ?”

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. “ಸರ್ಟನ್ಲಿ, ಮ್ಯಾಮ್” ಎಂದಳು.

“ಥ್ಯಾಂಕ್ ಯು, ನೀನು ಹೋಗಬಹುದು.”

‘ವಿ’ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಹೊರಗೆ ಬಂದರೆ ಅವಳು ಲಾನಿನ ಮೇಲೆ ಚಪ್ಪಲಿ ಸಮೇತ ಕೂತಿದ್ದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. “ನಂಗೆ ಗೊತ್ತಿತ್ತು ಮೇಡಂ. ನೀವೇ ಬ್ಯಾಡ ಅಂದ್ರಿ” ಎಂದಷ್ಟೇ ಹೇಳಿ ಹುಲ್ಲು ಕೀಳತೊಡಗಿದಳು.

ಜನ್ಮದಲ್ಲಿ ಹಾಗೆ ಓಡಿರಲಿಲ್ಲ. ಮ್ಯಾನೇಜರ್ ಕ್ಯಾಂಟೀನಿನಲ್ಲಿ ಚಿತ್ರಾನ್ನದ ತಟ್ಟೆಯ ಮುಂದೆ ಕೂತಿದ್ದರು. ಎದುರು ನಿಂತು, “ಆ ಹುಡುಗಿ ಹೇಳಿದ್ದು ಅವಳ ಮಾತಲ್ಲ, ನಂದು. ಅವಳದ್ದನ್ನ ನಾನು ಗೀಟು ಹಾಕಿ ಅಳಿಸಿದ್ದೆ. ಇಟ್ ವಾಸ್ ಮೈ ಸ್ಟುಪಿಡಿಟಿ. ಇನ್ನೊಂದು ಸಲ ಅದೇ ಪ್ರಶ್ನೆ ಕೇಳಿ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೂತ್ಕೊಳ್ಳಿ, ಬಿದ್ದುಬಿಟ್ಟೀರಿ. ಊಟ ಮುಗಿಯೋ ತನಕ ಟೈಮ್ ಇದೆ, ಕರೀರಿ” ಎಂದರು. ನನಗೂ ಒಂದು ತಟ್ಟೆ ಚಿತ್ರಾನ್ನ ಹೇಳಿದರು.

ಹುಡುಗಿ ಬಂದಳು. ಅದೇ ಪ್ರಶ್ನೆ. ಈ ಸಲ ಅವಳು ನನ್ನ ಕಡೆ ನೋಡಲೇ ಇಲ್ಲ.

“ಕುರಿ ಬುಡ್ಬೇಕು ಮೇಡಂ. ಮೇಕೆ ಬುಟ್ರೆ ಕೆಟ್ರಿ. ಮೇಕೆ ಪ್ಯಾನೆಲ್ ಮ್ಯಾಕೆ ಎಗರ್ತವೆ, ವೈರ್ ಕಡೀತವೆ. ಕುರಿ ಪಾಪ, ತಲೆ ಬಗ್ಗಿಸ್ಕಂಡು ನೆಳ್ಳಾಗೇ ಮೇಯ್ತದೆ. ಆದ್ರೆ ಟಗರು ಬುಡ್ಬಾರ್ದು. ಗಾಜ್ನಾಗೆ ತನ್ನ ಮುಖ ಕಂಡ್ರೆ ಇನ್ನೊಂದು ಟಗರು ಅಂದ್ಕಂಡು ಗುದ್ಬುಡ್ತದೆ. ತೊಳೆಯಾಕೆ ನಮ್ಮ ಬೋರ್ ನೀರು ಆಗಾಕಿಲ್ಲ, ಗಾಜಿನ ಮ್ಯಾಲೆ ಬಿಳೀ ಪೊರೆ ಕಟ್ತದೆ. ಸಂಜೆ ಬಿಸಿ ಆರಿದ್ ಮ್ಯಾಲೆ ಒಣ ಬಟ್ಟೇಲಿ ಒರೆಸ್ಬೇಕು.”

ಮ್ಯಾನೇಜರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. “ಟಗರಾ? ಹೋದ ತಿಂಗಳು ಕೆಳಗಿನ ಸಾಲಲ್ಲಿ ಎರಡು ಪ್ಯಾನೆಲ್ ಸೀಳಿದೆ. ಯಾರೋ ಕಲ್ಲು ಹೊಡೆದಿದ್ದಾರೆ ಅಂದುಕೊಂಡಿದ್ವಿ.”

“ಕೆಳಗಿನ ಸಾಲಾ? ಕೆರೆ ಕಡೇದಾ?” ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಮ್ಮೋ! ಅದು ನಮ್ದೇ ಇರ್ಬೋದು ಮೇಡಂ.”

ಮ್ಯಾನೇಜರ್ ಚಿತ್ರಾನ್ನ ನೆತ್ತಿಗೇರುವಷ್ಟು ನಕ್ಕರು. ನೀರು ಕುಡಿದು, ಕಣ್ಣೊರೆಸಿಕೊಂಡು, “ಮೊದಲು ಅದನ್ನ ಕಟ್ಟಿಹಾಕು. ಸೋಮವಾರ ಬೆಳಿಗ್ಗೆ ಏಳಕ್ಕೆ ಸೈಟಿಗೆ ಬಾ. ಮೂರು ತಿಂಗಳು ನೋಡ್ತೀನಿ, ಆಮೇಲೆ ಪಕ್ಕಾ ಮಾಡೋದು” ಎಂದರು.

ಸರ್ಟನ್ಲಿ ಮ್ಯಾಮ್ ಅನ್ನೇ ಹುಡುಗಿ ಎಂದು ನನ್ನ ಇಡೀ ಮೈ ಕೂಗಿತು.

“ಏಳಕ್ಕಾಗಾಕಿಲ್ಲ ಮೇಡಂ” ಎಂದಳು ಅವಳು. “ಮೊದ್ಲ್ನೇ ಬಸ್ಸೇ ಏಳೂವರೆಗೆ ಬರಾದು. ಎಂಟಕ್ಕೆ ಬತ್ತೀನಿ.”

ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅದಕ್ಕೆ ಒಂದು ದೊಡ್ಡ ತುತ್ತು ತುರುಕಿದೆ.

“ಎಂಟೂ ಐದಾದ್ರೆ ಗೇಟ್ ಹಾಕಿಸ್ತೀನಿ” ಎಂದರು ಮ್ಯಾನೇಜರ್.

“ಹಾಕ್ಸಿ ಮೇಡಂ” ಎಂದು ಹುಡುಗಿ ಪಾವಗಡದ ಬಸ್ಸಿಗೆ ಓಡಿದಳು, ಅಮ್ಮನಿಗೆ ಹೇಳಲು, ಟಗರು ಕಟ್ಟಲು.

ಚಿತ್ರಾನ್ನಕ್ಕೆ ಉಪ್ಪೇ ಹಾಕಿರಲಿಲ್ಲ. ಆ ದಿನದ ಮಟ್ಟಿಗೆ ತಿದ್ದಿದ್ದು ಸಾಕೆಂದು ಅದನ್ನೂ ನಾನು ಯಾರಿಗೂ ಹೇಳಲಿಲ್ಲ.