ಅತ್ತೆಯ ಮುಖದಲ್ಲಿ ಇಲ್ಲದ ಕಲೆ

ಫೋಟೊ ದೊಡ್ಡದು ಮಾಡಿದರೆ ಸಣ್ಣಪುಟ್ಟ ಕಲೆಗಳು ತಾವಾಗಿಯೇ ಅಳಿಸಿಹೋಗುತ್ತವೆ ಅಂತ ನಮ್ಮ ಮನೆಯವರೆಲ್ಲ ಹೇಳುತ್ತಾರೆ. ನೀವೂ ನಂಬಿದ್ದರೆ ಬೇಜಾರು ಬೇಡ. ಮೊನ್ನೆ ಚನ್ನಗಿರಿಯಲ್ಲಿ ಮಾಮನ ಸ್ಟುಡಿಯೊ ಖಾಲಿ ಮಾಡಲು ಹೋಗಿ, ಕತ್ತಲೆಕೋಣೆಯಲ್ಲಿ ಫೋಟೊ ತೊಳೆಯುವ ಹೈಪೋ ದ್ರಾವಣದ ವಾಸನೆ ಮೂಗಿಗೆ ಹತ್ತುವವರೆಗೆ ನಾನೂ ಅದನ್ನು ಪ್ರಶ್ನಿಸಿರಲಿಲ್ಲ, ದೇವರನ್ನೇ ಪ್ರಶ್ನಿಸುವವಳು.

ಹೈಸ್ಕೂಲಿನ ಒಂದು ಬೇಸಿಗೆ ಪೂರ್ತಿ ಆ ಕೋಣೆಯಲ್ಲೇ ಕಳೆದಿದ್ದೆ. ಮಾಮ, ಅಂದರೆ ಅಮ್ಮನ ತಮ್ಮ, ಸತ್ತವರ ಫೋಟೊ ಮಾಡುವುದರಲ್ಲಿ ಎತ್ತಿದ ಕೈ. ನ್ಯಾಮತಿಯಿಂದಲೂ ಜನ ಬರುತ್ತಿದ್ದರು. ಗುಂಪಿನ ಫೋಟೊದ ನೆಗೆಟಿವ್‌ನಿಂದ ಒಂದೇ ಮುಖವನ್ನು ಫಿಲ್ಮಿನ ಮೇಲೆ ದೊಡ್ಡದು ಮಾಡಿ, ಅದರಿಂದ ಅಂಗೈಯಗಲದ ಇನ್ನೊಂದು ನೆಗೆಟಿವ್ ಇಳಿಸುತ್ತಿದ್ದ. ಹೀಗೆ ನಕಲಾದಾಗಲೆಲ್ಲ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಸುಣ್ಣವಾಗುತ್ತದೆ. ಅದನ್ನು ಹಿಡಿತದಲ್ಲಿಡಲು ಅವನದೊಂದೇ ಪಾಠ: “ಬೆಳಕು ಧಾರಾಳ ಕೊಡು, ಡೆವಲಪರ್ ತೆಳ್ಳಗೆ ಮಾಡು, ಬೇಗ ಎತ್ತು.” ಯಾಕೆ ಅಂತ ವಾದಕ್ಕಿಳಿದರೆ, “ಏ ವಕೀಲಮ್ಮ, ಮೊದ್ಲು ಟ್ರೇ ಅಲ್ಲಾಡ್ಸು,” ಅನ್ನುತ್ತಿದ್ದ.

ಜಗಳೂರಿಗೆ ಕೊಟ್ಟಿದ್ದ ಅತ್ತೆ, ಅಪ್ಪನ ತಂಗಿ, ಜ್ವರದಲ್ಲಿ ಹೋದಳು ಎಂಬುದು ಮನೆಯ ಮಾತು. ಅದಕ್ಕೆ ಕೆಲವೇ ದಿನ ಮೊದಲು ಹೊನ್ನಾಳಿಯ ನಾಮಕರಣವೊಂದರಲ್ಲಿ ಮಾಮ ತೆಗೆದಿದ್ದ ಗುಂಪಿನ ಫೋಟೊದಿಂದಲೇ ಅವಳದನ್ನೂ ಮಾಡಿಕೊಟ್ಟ. ನುಣುಪು ಮುಖ. ಊದುಬತ್ತಿ ಹಚ್ಚುವವರೆಲ್ಲ ಎಷ್ಟು ಲಕ್ಷಣವಾಗಿ ಬಂದಿದೆ ಅನ್ನುತ್ತಾರೆ.

ಮೊನ್ನೆ ಒಂದು ಡಬ್ಬಿಯಲ್ಲಿ ಆ ಫೋಟೊದ ಎರಡೂ ನೆಗೆಟಿವ್ ಸಿಕ್ಕವು, ಗುಂಪಿನ ಸಣ್ಣದು, ಅತ್ತೆಯೊಬ್ಬಳ ದೊಡ್ಡದು. ಸಣ್ಣದನ್ನು ಭೂತಗನ್ನಡಿಯಲ್ಲಿ ನೋಡಿದೆ. ಎಡಗಣ್ಣಿನ ಕೆಳಗೆ ತಿಳಿಯಾದ ತೇಪೆ. ನೆಗೆಟಿವ್‌ನಲ್ಲಿ ತಿಳಿಯಾಗಿದ್ದದ್ದು ಮುಖದಲ್ಲಿ ಕಪ್ಪು. ಮಾಮನ ಪಾಠದ ಪ್ರಕಾರ ಅದು ನಕಲಿನಿಂದ ನಕಲಿಗೆ ಗಾಢವಾಗಬೇಕಿತ್ತು. ದೊಡ್ಡದನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ಆ ಜಾಗದಲ್ಲಿ ಪೆನ್ಸಿಲ್ ಗೆರೆಗಳು ಒತ್ತೊತ್ತಾಗಿ ಹೊಳೆದವು. ನೆಗೆಟಿವ್ ಮೇಲೆ ಪೆನ್ಸಿಲ್ ತೀಡಿದಷ್ಟೂ ಫೋಟೊದಲ್ಲಿ ಕಪ್ಪು ಮಾಯವಾಗುತ್ತದೆ. ಚಿಕ್ಕಂದಿನಲ್ಲಿ ಬಿದ್ದು ಆಗಿದ್ದ ಗದ್ದದ ಗಾಯದ ಗುರುತು ಮಾತ್ರ ಹಾಗೇ ಇತ್ತು.

ಹೊರಗೆ ಗಂಟು ಕಟ್ಟುತ್ತಿದ್ದ ಮಾಮನ ಮುಂದೆ ಹಿಡಿದೆ.

“ಸತ್ತೋರ ಮುಖದಾಗೆ ಕಲೆ ಬಿಡಬಾರ್ದು ಕಣವ್ವ. ಎಲ್ಲಾರ್ಗೂ ಹಂಗೇ ಮಾಡೀನಿ.”

“ಮತ್ತೆ ಗದ್ದದ್ದು ಯಾಕ್ ಬಿಟ್ಟೆ?”

ಅವನು ಹಗ್ಗ ಬಿಗಿದ. ಸಡಿಲಿಸಿ ಮತ್ತೆ ಬಿಗಿದ.

“ಅವಳ ಗಂಡ ಬೆರಳಿಟ್ಟು ಅಳ್ಸು ಅಂದಿದ್ದು ಕಣ್ಣಿನ ಕೆಳಗಿಂದು ಒಂದನ್ನೇ.”

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಇಷ್ಟು ಬಿಟ್ಟುಕೊಟ್ಟರೆ ನಾನು ಎದ್ದು ನಿಂತು ಸಭಿಕರ ಕಡೆ ತಿರುಗುತ್ತಿದ್ದೆ. ಈಗ ಕೂತುಕೊಂಡೆ. ಅವನು ನನ್ನತ್ತ ನೋಡಲಿಲ್ಲ. ನಾನು ಕೇಳಿದೆ:

“ನಾಮಕರಣದ ದಿನ ಈ ಫೋಟೊ ತೆಗೆಯಾಕೆ ನೀನು ಅವಳ ಎದುರಿಗೇ ನಿಂತಿದ್ದೆ. ಅತ್ತೆ ಬದುಕಿದ್ಲಲ್ಲ ಮಾಮ. ಆವತ್ತು ಅವಳನ್ನ ಏನಾರ ಕೇಳಿದ್ಯಾ?”