ಮಾಬೂಬಿ ಬಾರದ ದಿನದ ಪಾಠ

ಇಂಥ ಕತೆಯನ್ನು ಯಾರಾದರೂ ಹೇಳಲು ಶುರು ಮಾಡಿದರೆ ಮೂಗು ಮುರಿದು ಎದ್ದು ಹೋಗುವವಳು ನಾನು. ವಿಜ್ಞಾನದ ಶಿಕ್ಷಕಿ. ದೆವ್ವ ಕಂಡೆ ಎಂದವರಿಗೆಲ್ಲ ಆಗ ನಿಮಗೆ ಜ್ವರ ಇತ್ತೇ, ಬೆಳಕು ಸರಿಯಾಗಿತ್ತೇ, ಹೊಟ್ಟೆಗೆ ತಿಂದಿದ್ದಿರೋ ಇಲ್ಲವೋ ಎಂದು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸಿದ್ದೇನೆ. ನಮ್ಮ ಮನೆಯಲ್ಲಿ ಈಗಲೂ ನನ್ನೆದುರು ಯಾರೂ ಆ ಮಾತು ಎತ್ತುವುದಿಲ್ಲ. ಓದುವ ನೀವೂ ನನಗೆ ಅದೇ ಪ್ರಶ್ನೆಗಳನ್ನು ಕೇಳಬಹುದು, ತಪ್ಪೇನಿಲ್ಲ. ಜ್ವರ ಇರಲಿಲ್ಲ. ಊಟ ಆಗಿತ್ತು. ಅಮಾವಾಸ್ಯೆಯ ರಾತ್ರಿ ಆಗಿದ್ದರೆ ಎಲ್ಲವನ್ನೂ ಕತ್ತಲೆಯ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಅದು ನಡೆದದ್ದು ಹಾಡಹಗಲು, ಮಕ್ಕಳು ತುಂಬಿದ ತರಗತಿಯಲ್ಲಿ, ನಾನೇ ಪಾಠ ಮಾಡುತ್ತಿದ್ದಾಗ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಿ.ಎಸ್ಸಿ. ಮುಗಿಸಿದ ನಾನು ರೋಣದಲ್ಲಿ ಬಿ.ಎಡ್. ಮಾಡುತ್ತಿದ್ದೆ. ಆಗ ಅದು ಒಂದೇ ವರ್ಷದ ಓದು. ಪಾಠ ಮಾಡುವ ಅಭ್ಯಾಸಕ್ಕೆ ನಮ್ಮ ಗುಂಪನ್ನು ನರೇಗಲ್ಲಿನ ಒಂದು ಹೈಸ್ಕೂಲಿಗೆ ಹಾಕಿದ್ದರು. ದಿನಾ ಬೆಳಿಗ್ಗೆ ಚಾರ್ಟುಗಳನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡು ಬಸ್ ಹತ್ತುತ್ತಿದ್ದೆವು. ಎಲ್ಲ ಅಭ್ಯಾಸ ಮುಗಿದ ಮೇಲೆ ಪರೀಕ್ಷಾ ಪಾಠ. ಹೊರಗಿನ ಊರಿನಿಂದ ಬಂದ ಪರೀಕ್ಷಕರು ತರಗತಿಯ ಹಿಂದೆ ಕೂತು ನೋಡಿ ಅಂಕ ಹಾಕುತ್ತಿದ್ದರು.

ಆ ಅಂಕ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಹೇಳಲೇಬೇಕು. ಸರಕಾರಿ ನೌಕರಿಗೆ ಮೆರಿಟ್ ನೋಡುತ್ತಿದ್ದ ಕಾಲ. ನನ್ನನ್ನು ನೋಡಲು ಬಂದ ಗಂಡುಗಳನ್ನು ಓದು ಮುಗಿಯಲಿ ಎಂದು ವಾಪಸು ಕಳಿಸಿದ್ದೆ. ಅಣ್ಣ ಖಡಾಖಂಡಿತ ಹೇಳಿಬಿಟ್ಟಿದ್ದ: "ಈ ಸಲ ನೌಕರಿ ದಾರಿ ಆಗ್ಲಿಲ್ಲ ಅಂದ್ರ, ನಾ ತೋರ್ಸಿದಲ್ಲಿ ಸುಮ್ನ ತಾಳಿಗೆ ಕೊಳ್ಳ ಕೊಡಬೇಕು ನೋಡು." ಅವನು ಕೆಟ್ಟವನಲ್ಲ, ಆದರೆ ಆಡಿದ ಮಾತು ಬಿಡುವವನೂ ಅಲ್ಲ. ಒಂದು ಪಾಠ ಕೆಟ್ಟರೆ ನನ್ನ ಬದುಕೇ ಬೇರೆ ದಾರಿ ಹಿಡಿಯುತ್ತಿತ್ತು.

ಪರೀಕ್ಷಾ ಪಾಠಕ್ಕೆ ಒಂದು ಪದ್ಧತಿ ಇತ್ತು. ಬಿ.ಎಡ್. ಮಾಡಿದವರು ಇದನ್ನು ಓದಿ ನಗುತ್ತೀರಿ, ಏಕೆಂದರೆ ನೀವೂ ಮಾಡಿದ್ದೀರಿ. ಹಿಂದಿನ ದಿನವೇ ಅದೇ ಪಾಠವನ್ನು ಅದೇ ಮಕ್ಕಳಿಗೆ ಮಾಡಿ ಮುಗಿಸುವುದು. ಯಾವ ಪ್ರಶ್ನೆಗೆ ಯಾರು ಏಳಬೇಕೆಂದು ಹಂಚಿಡುವುದು. ಉತ್ತರ ಬರುವವರು ಬಲಗೈ ಎತ್ತಬೇಕು, ಬಾರದವರು ಎಡಗೈ. ಹಿಂದೆ ಕೂತ ಪರೀಕ್ಷಕರಿಗೆ ಬರೀ ಎತ್ತಿದ ಕೈಗಳು ಕಾಣಬೇಕು. ಕೊನೆಗೆ, ಪಾಠ ಕೆಡಿಸಬಹುದಾದ ಮಕ್ಕಳಿಗೆ ಮೆಲ್ಲಗೆ ಹೇಳುವುದು: ನಾಳೆ ನೀವು ಬರದಿದ್ದರೂ ನಡೆಯುತ್ತದೆ. ಹಿಂದಿನ ವರ್ಷದವರು ನಮಗೆ ಇದನ್ನು ಪಠ್ಯಕ್ಕಿಂತ ಶ್ರದ್ಧೆಯಿಂದ ಕಲಿಸಿದ್ದರು. ಇದು ಮೋಸ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ಮದುವೆ ಮನೆಯ ಮುಂದೆ ಕಸ ಗುಡಿಸಿದ ಹಾಗೆ ಅಂದುಕೊಂಡಿದ್ದೆವು.

ನನ್ನ ತರಗತಿಯಲ್ಲಿ ಹಾಗೆ ಹೇಳಬೇಕಾಗಿದ್ದವಳು ಮಾಬೂಬಿ. ಗಾದಿ ಹೊಲಿಯುವವರ ಮಗಳು, ತಲೆಯ ಮೇಲೆ ಯಾವಾಗಲೂ ಒಂದೆರಡು ಎಳೆ ಹತ್ತಿ. ದಡ್ಡಿ ಅಲ್ಲ, ಅದೇ ತೊಂದರೆ. ಪ್ರತಿ ಪ್ರಶ್ನೆಗೂ ಅವಳ ಕೈ ಮೇಲೇಳುತ್ತಿತ್ತು. ಆದರೆ ಮಾತು ತೊದಲುತ್ತಿತ್ತು. ಮೊದಲ ಅಕ್ಷರ ಬಾಗಿಲಲ್ಲೇ ಸಿಕ್ಕಿಕೊಂಡಂತೆ ನಿಂತುಬಿಡುತ್ತಿತ್ತು. ಆಗ ಅವಳು ಬಲಗೈಯಿಂದ ತೊಡೆಯನ್ನು ಬಡಿದುಕೊಳ್ಳುತ್ತಿದ್ದಳು, ಬಡಿದು ಬಡಿದು ಮಾತನ್ನು ಹೊರಗೆ ತರುತ್ತಿದ್ದಳು. ಅಷ್ಟರಲ್ಲಿ ಉಳಿದ ಮಕ್ಕಳು ನಗಲು ಶುರು ಮಾಡಿರುತ್ತಿದ್ದರು, ನಾನು "ಆತು, ಕುಂದ್ರು" ಎಂದಿರುತ್ತಿದ್ದೆ.

ನನ್ನ ಪಾಠ ಬೆಳಕಿನ ವಕ್ರೀಭವನ. ಗಾಜಿನ ಲೋಟದ ನೀರಿನಲ್ಲಿ ಪೆನ್ಸಿಲ್ ಇಟ್ಟು, ಅದು ಮುರಿದಂತೆ ಏಕೆ ಕಾಣುತ್ತದೆ ಎಂದು ಕೇಳುವುದು. ಆ ಪ್ರಶ್ನೆ ಬಸವರಾಜ ಎಂಬ ಹುಡುಗನಿಗೆ ಕೊಟ್ಟಾಗಿತ್ತು, ಉತ್ತರ ಪುಸ್ತಕದ ಸಾಲೇ. ಹಿಂದಿನ ದಿನದ ತಾಲೀಮಿನಲ್ಲಿ ಅವನು ಹೇಳಿ ಕೂತ ಮೇಲೆ ಮಾಬೂಬಿ ಎದ್ದು ನಿಂತಳು. ಅವಳಿಗೆ ಬೇರೆ ಏನೋ ಹೇಳುವುದಿತ್ತು. "ಎರಿ... ಎರಿ..." ಎಂದು ತೊಡೆ ಬಡಿದುಕೊಂಡಳು. ಎರೆ ಮಣ್ಣಿಗೂ ಬೆಳಕಿಗೂ ಏನು ಸಂಬಂಧ ಎಂದು ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ವೇಳೆ ಇರಲಿಲ್ಲ, ಕೂರಿಸಿದೆ.

ಗಂಟೆ ಹೊಡೆದ ಮೇಲೆ ಅವಳನ್ನು ವರಾಂಡಕ್ಕೆ ಕರೆದೆ. ನಾಳೆ ನೀನು ಮನೆಯಲ್ಲಿ ಅವ್ವನಿಗೆ ಕೈಜೋಡಿಸು ಎಂದೆ. ಅವಳಿಗೆ ತಕ್ಷಣ ಅರ್ಥವಾಯಿತು.

"ನಾ ಹಿಂದ ಕು... ಕುಂದರ್ತೀನ್ರಿ ಟೀಚರ್. ಕೈ ಎತ್ತಂಗಿಲ್ರಿ."

"ಬ್ಯಾಡ ಮಾಬೂಬಿ. ನೀ ಎತ್ತೇ ಎತ್ತತಿ."

ನಗುತ್ತಲೇ ಹೇಳಿದೆ. ಅವಳೂ ನಕ್ಕಳು. ಅತ್ತಿದ್ದರೆ ನನಗೆ ಇಷ್ಟು ವರ್ಷ ಕಷ್ಟ ಆಗುತ್ತಿರಲಿಲ್ಲವೇನೋ.

ಮರುದಿನ ಅವಳು ಬರಲಿಲ್ಲ. ಮಧ್ಯಾಹ್ನದ ಪಾಠಕ್ಕೆ ಹಾಜರಿ ತೆಗೆದುಕೊಂಡದ್ದು ನಾನೇ. ಕಿಟಕಿಯ ಪಕ್ಕದ ಕೊನೆಯ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕೂತಿದ್ದರು, ರೂಢಿಯಂತೆ ಅವಳ ಜಾಗ ಬಿಟ್ಟುಕೊಂಡು. ಅದರ ಹಿಂದೆ ಕುರ್ಚಿ ಹಾಕಿಕೊಂಡು ಪರೀಕ್ಷಕರು ಕೂತರು. ಬಿಳಿ ಅಂಗಿ, ದಪ್ಪ ಕನ್ನಡಕ, ನಗು ಎಂಬುದು ಗೊತ್ತೇ ಇಲ್ಲದ ಮುಖ. ಅವರ ಪಕ್ಕದಲ್ಲಿ ನನ್ನ ಜೊತೆಯ ಪ್ರಶಿಕ್ಷಣಾರ್ಥಿ ಶೋಭಾ, ಪಾಠ ವೀಕ್ಷಣೆಗೆ.

ಪಾಠ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು, ಪೆನ್ಸಿಲ್ಲಿನವರೆಗೆ. ಪ್ರಶ್ನೆ ಕೇಳಿದೆ. ಕೈಗಳೆಲ್ಲ ಎದ್ದವು. ಬಸವರಾಜನನ್ನು ಎಬ್ಬಿಸಿದೆ. ಅವನು ಬಾಯಿ ತೆರೆದ, ಮುಚ್ಚಿದ. ಮರೆತಿದ್ದ. ಅಂಥ ಹೊತ್ತಿನಲ್ಲಿ ಪ್ರಶ್ನೆಯನ್ನು ಬೇರೆಯವರಿಗೆ ದಾಟಿಸಬೇಕು ಎಂಬುದನ್ನು ಬಿ.ಎಡ್.ನ ಮೊದಲ ತಿಂಗಳಲ್ಲೇ ಕಲಿಸಿರುತ್ತಾರೆ. ನನಗೆ ಅದೂ ಹೊಳೆಯಲಿಲ್ಲ. ಲೋಟ ಹಿಡಿದುಕೊಂಡು ಸುಮ್ಮನೆ ನಿಂತೆ. ನನ್ನ ಕಿವಿಗೆ ಯಾರ ಮಾತೂ ಬೀಳಲಿಲ್ಲ, ಇದನ್ನು ಗಟ್ಟಿಯಾಗಿ ಹೇಳಬಲ್ಲೆ. ಹೊರಗೆ ಎಲ್ಲೋ ಎತ್ತಿನ ಗಂಟೆ, ಅಷ್ಟೇ.

ಪರೀಕ್ಷಕರು ಮಾತ್ರ ಪೆನ್ನು ಕೆಳಗಿಟ್ಟಿದ್ದರು. ಮುಂದಕ್ಕೆ ಬಾಗಿ ಕಿಟಕಿಯ ಬೆಂಚಿನ ಕಡೆ ನೋಡುತ್ತಿದ್ದರು, ಪಾಪ, ಆಗಲಿ, ಹೇಳು ಎನ್ನುವಂಥ ಮುಖ ಮಾಡಿಕೊಂಡು. ನನ್ನ ಫಜೀತಿ ನೋಡಲಾಗದೆ ಮುಖ ತಿರುಗಿಸಿದ್ದಾರೆ ಎಂದುಕೊಂಡೆ. ಆಮೇಲೆ ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ನನಗೂ ಉಸಿರು ಬಂತು. ಏನೂ ಹೇಳದೆ ನಿಂತಿದ್ದ ಬಸವರಾಜನಿಗೆ ಗಾಬರಿಯಲ್ಲಿ "ಭಾಳ ಚಲೋ, ಕುಂದ್ರು" ಎಂದು ಹೇಳಿ ಮುಂದೆ ಹೋದೆ.

ಪಾಠ ಮುಗಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಅವರು ಹೇಳಿದರು, "ಆ ಹುಡುಗೀನ ಒಂದ್ಸಲ ಕರೀರಿ." ಯಾವ ಹುಡುಗಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳಿದ್ದ ಮುಂದಿನ ಬೆಂಚಿನ ಸವಿತಾಳನ್ನು ಕರೆಸಿದೆ.

"ಈಕಿ ಅಲ್ರೀ. ಕಿಟಕಿ ಕಡೆ ಕುಂತಿದ್ದಾಕಿ. ಮಾತು ಹೊಂಡೂದಕ್ಕ ತೊಡಿ ಬಡ್ಕೋತಾಳಲ್ಲ, ಆಕಿ."

ಆಕೆ ಮನೆಗೆ ಹೋದಳು ಸರ್, ಮೈಯಲ್ಲಿ ಆರಾಮಿಲ್ಲ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಅವಳ ಉತ್ತರವನ್ನು ನನಗೇ ತಿರುಗಿ ಹೇಳಿದರು. ಮಳೆಯಾದ ಮೇಲೆ ಗಟ್ಟಿ ದಾರಿಯಿಂದ ಓರೆಯಾಗಿ ಎರೆ ಹೊಲಕ್ಕೆ ಇಳಿದರೆ, ಮೊದಲು ಇಳಿದ ಕಾಲು ಕೆಸರಿನಲ್ಲಿ ತಡವಾಗುತ್ತದೆ, ಇನ್ನೊಂದು ಕಾಲು ಮುಂದೆ ಹೋಗುತ್ತದೆ, ಮೈ ತಡವಾದ ಕಾಲಿನ ಕಡೆಗೆ ತಿರುಗುತ್ತದೆ. ಬೆಳಕಿಗೂ ನೀರಿನಲ್ಲಿ ಹಾಗೇ ಆಗುತ್ತದೆ. ಪುಸ್ತಕದಲ್ಲಿ ಇಲ್ಲದ್ದು. ನಾನು ಕಲಿಸದ್ದು. ಎರೆ ಎಂಬ ಮಾತಿಗೆ ನಾನು ಅವಳನ್ನು ಕೂರಿಸಿದ್ದೆ.

ಆಮೇಲೆ ಅವರು ಹೇಳಿದ ಮಾತು ಇದು: "ನಾ ಎಷ್ಟೋ ಪಾಠ ನೋಡೀನ್ರಿ. ತೊದಲೋ ಕೂಸಿಗೆ ಯಾರೂ ಕಾಯಂಗಿಲ್ಲ. ನೀವು ಬಾಯಿ ಹಾಕ್ದ, ಲೋಟ ಹಿಡ್ಕೊಂಡು ಸುಮ್ನ ಕಾದ್ರಿ ನೋಡ್ರಿ, ಅದು ಖರೇ ಮಾಸ್ತರಿಕಿ."

ಅಂದು ಯಾರಿಗೂ ಬೀಳದಷ್ಟು ಅಂಕ ನನಗೆ ಬಿತ್ತು. ಹೊರಗೆ ಬಂದು ಶೋಭಾಳನ್ನು ಹಿಡಿದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಯಾರ ಏನ ಹೇಳಿದ್ರ? ನೀ ಕಂಬದಂಗ ನಿಂತಿದ್ದಿ. ಪಾಠ ಕೆಟ್ಟ ಹೋತು ಅಂತ ನಾ ದೇವ್ರನ್ನ ನೆನಸ್ಲಿಕತ್ತಿದ್ನಿ." ಕಿಟಕಿಯ ಬೆಂಚಿನ ಹುಡುಗಿಯರ ಕಿವಿಗೂ ಏನೂ ಬಿದ್ದಿರಲಿಲ್ಲ. ಮಾಬೂಬಿ ಹೊರಗಿನಿಂದ ಕಿಟಕಿಯಲ್ಲಿ ನಿಂತು ಹೇಳಿರಬಹುದೇ? ಅಂದು ಧೂಳಿನ ಗಾಳಿಗೆ ಕಿಟಕಿಗಳನ್ನು ಮುಚ್ಚಿಸಿದ್ದೆ. ಪರೀಕ್ಷಕರು ಬೇರೆ ಶಾಲೆಯ ನೆನಪನ್ನು ಇಲ್ಲಿಗೆ ತಂದು ಜೋಡಿಸಿದರೇ? ಹಾಗಾದರೆ ಆ ತೊಡೆ, ಆ ಎರೆ? ಇಷ್ಟು ವರ್ಷ ನನಗೆ ನಾನೇ ಅಡ್ಡಪ್ರಶ್ನೆ ಹಾಕಿಕೊಂಡು ನೋಡಿದ್ದೇನೆ.

ಸಂಜೆ ಬಸ್ ಸ್ಟ್ಯಾಂಡಿಗೆ ಬಂದಾಗ ಮಾಬೂಬಿ ಅಲ್ಲಿದ್ದಳು. ಹತ್ತಿಯ ಗಂಟಿನ ಮೇಲೆ ಕೂತಿದ್ದವಳು ನನ್ನನ್ನು ಕಂಡು ಓಡಿ ಬಂದಳು. ಪಾಠ ಹೇಗಾಯಿತು ಎಂದು ಅವಳು ಕೇಳಲಿಲ್ಲ, ಅದು ಈಗಲೂ ನೆನಪಾಗುತ್ತದೆ. ನಾನೇ ಕೇಳಿದೆ.

"ಮಾಬೂಬಿ, ಇವತ್ತ ಮಧ್ಯಾಹ್ನ ನೀ ಎಲ್ಲಿದ್ದಿ?"

ಅವಳ ಮುಖ ಅರಳಿತು. ಬಹಳ ಹೊತ್ತಿನಿಂದ ಇದೇ ಪ್ರಶ್ನೆಗೆ ಕಾಯುತ್ತಿದ್ದವಳಂತೆ ಕೈ ತೊಡೆಗೆ ಹೋಯಿತು. "ನಾ... ನಾ..." ಎಂದಳು. ಬಸ್ ಬಂದು ನಿಂತಿತು. "ರೋಣ, ರೋಣ! ಲಗೂ ಹತ್ರಿ ಅಕ್ಕಾರ!" ಎಂದು ಕಂಡಕ್ಟರ್ ಕೂಗಿದ. ಶೋಭಾ ಮೇಲೆ ಹತ್ತಿ ಸೀಟು ಹಿಡಿದು ನನ್ನನ್ನು ಕರೆಯುತ್ತಿದ್ದಳು. ಮಾಬೂಬಿಯ ಮಾತು ಇನ್ನೂ ಅಲ್ಲೇ ನಿಂತಿತ್ತು, ಕೈ ಬಡಿದುಕೊಳ್ಳುತ್ತಲೇ ಇತ್ತು.

"ಆತು, ನಾಳೆ ಹೇಳವಂತಿ" ಎಂದು ಬಸ್ ಹತ್ತಿದೆ.

ನಾಳೆ ಎಂಬುದು ಇರಲಿಲ್ಲ. ಆ ಶಾಲೆಯಲ್ಲಿ ನಮ್ಮ ಕೆಲಸ ಅಂದಿಗೇ ಮುಗಿದಿತ್ತು. ನೌಕರಿ ಸಿಕ್ಕಿತು, ಆ ಅಂಕಗಳಿಂದಲೇ ಸಿಕ್ಕಿತು. ಗಜೇಂದ್ರಗಡದಲ್ಲಿ ಇದ್ದೇನೆ, ಅಣ್ಣ ಈಗ ಹೆಮ್ಮೆಯಿಂದ ನನ್ನ ಹೆಸರು ಹೇಳಿಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ನರೇಗಲ್ಲಿಗೆ ಹೋಗಿ ಹುಡುಕಿದೆ. ಗಾದಿಯವರು ಮನೆ ಬಿಟ್ಟು ಬಹಳ ದಿನಗಳಾಗಿದ್ದವು, ಹುಬ್ಬಳ್ಳಿ ಕಡೆ ಹೋದರೋ ಸೊಲ್ಲಾಪುರದ ಕಡೆ ಹೋದರೋ ಯಾರಿಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ನನ್ನ ತರಗತಿಯಲ್ಲಿ ಏನು ನಡೆಯಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ, ಅವಳು ಹೇಳಲು ಶುರು ಮಾಡಿದ್ದಳು. ರೋಣಕ್ಕೆ ಆ ಸಂಜೆ ನಾನು ಹತ್ತಿದ ಬಸ್ಸಿನ ಹಿಂದೆಯೇ ಇನ್ನೊಂದು ಬಸ್ ಇತ್ತು. ಅದು ನನಗೆ ಗೊತ್ತಿತ್ತು.